ಸವದತ್ತಿಯ ಬಂಡೆ, ಬಿಲವಿಲ್ಲದ ಕಡಲು

ಬೆಳಗಾವಿಯಿಂದ ಸವದತ್ತಿಗೆ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಣ್ಣಿಮೆ ಹತ್ತಿರವಿತ್ತು, ಬೈಲಹೊಂಗಲ ದಾಟಿದರೂ ಯಲ್ಲಮ್ಮನ ಭಕ್ತರ ‘ಉಧೋ ಉಧೋ’ ನಿಂತಿರಲಿಲ್ಲ. ದರ್ಶನ ಮುಗಿಸಿ ಆಟೊ ಹಿಡಿದು ನವಿಲುತೀರ್ಥಕ್ಕೆ ಹೋದೆ. ಅಲ್ಲಿ ಮಲಪ್ರಭೆ ಸೀಳಿಕೊಂಡು ಹರಿಯುವ ಗುಡ್ಡದ ಗಟ್ಟಿ ಕಲ್ಲು ಒಂದು ಕಾಲಕ್ಕೆ ಕಡಲಂಚಿನ ಮರಳು. ಕಲಾದಗಿ ಶಿಲಾಸ್ತೋಮಕ್ಕೆ ಸೇರಿದ ಈ ಬೆಣಚುಕಲ್ಲಿಗೆ ನೂರು ಕೋಟಿ ವರ್ಷಕ್ಕೂ ಹೆಚ್ಚಿನ ವಯಸ್ಸು.

ಹಾಸುಬಂಡೆಯೊಂದರ ಮೇಲೆ ಕುಳಿತು ಅಂಗೈ ಆಡಿಸಿದೆ. ಬೆರಳಗಲದ ಏಣುಗಳು, ನಡುವೆ ಸಣ್ಣ ತಗ್ಗುಗಳು. ಎಲ್ಲಿಯೂ ಗೆರೆ ಕಲಕಿಲ್ಲ. ಕುರಿ ಮೇಯಿಸುತ್ತಿದ್ದ ಅಜ್ಜ ಹತ್ತಿರ ಬಂದ.

“ಏನು ಹುಡುಕುತ್ತಿದ್ದೀ ತಮ್ಮಾ?”

“ಅಲೆಯ ಗುರುತು, ಅಜ್ಜಾ. ಹಿಂದೆ ಇಲ್ಲಿ ಸಮುದ್ರವಿತ್ತು.”

“ಹೊಳೆಯ ಮರಳಲ್ಲೂ ಹೀಗೇ ಬೀಳುತ್ತದೆ. ಆದರೆ ಏಡಿ ಬಿಡಬೇಕಲ್ಲ! ಬೆಳಗಾಗುವುದರೊಳಗೆ ತೂತು ಮಾಡಿಟ್ಟಿರುತ್ತದೆ.”

ಅಜ್ಜ ಹೇಳಿದ ಆ ಏಡಿಯೇ ಇಲ್ಲಿಲ್ಲ. ಈ ಮರಳು ಬಿದ್ದಾಗ ಬಿಲ ತೋಡುವ ಪ್ರಾಣಿಗಳು ಇನ್ನೂ ಹುಟ್ಟಿರಲಿಲ್ಲ. ಆ ಕಾಲದ ಕಡಲತಳದಲ್ಲಿ ಸೂಕ್ಷ್ಮಜೀವಿಗಳ ಲೋಳೆಪದರ ಹಾಸಿಕೊಂಡು ಮರಳನ್ನು ಬಿಗಿದು ಹಿಡಿಯುತ್ತಿತ್ತು. ಸುಮಾರು 54 ಕೋಟಿ ವರ್ಷಗಳ ಹಿಂದೆ, ಕೇಂಬ್ರಿಯನ್ ಯುಗದ ಹೊಸ್ತಿಲಲ್ಲಿ, ಹುಳುಗಳು ಆ ಪದರವನ್ನು ಕೊರೆದು ಕೆಳಗಿಳಿಯತೊಡಗಿದವು.

ಅವುಗಳ ಕೆಲಸ ಎಂಥದ್ದೆಂದು ಕಾರವಾರದಲ್ಲಿ, ಕಾಳಿ ನದಿ ಸಮುದ್ರ ಸೇರುವಲ್ಲಿ, ಇಳಿತದ ಹೊತ್ತಿಗೆ ಕೆಸರು ಅಗೆದು ನೋಡಿದ್ದೇನೆ. ಮೇಲೆ ತೆಳು ಕಂದು ಪದರ, ಅದರಡಿ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಕೆಸರು. ನುಣುಪು ಕೆಸರಿನಲ್ಲಿ ಆಮ್ಲಜನಕ ಇಳಿಯುವುದು ಕೆಲವೇ ಮಿಲಿಮೀಟರ್. ಆದರೆ ಆ ಕಪ್ಪಿನ ನಡುವೆಯೂ ಬಿಲದ ಗೋಡೆ ತುಕ್ಕಿನ ಬಣ್ಣಕ್ಕಿತ್ತು! ಒಳಗಿನ ಹುಳು ಮೈ ಕುಲುಕಿ ನೀರೆಳೆದುಕೊಳ್ಳುತ್ತದೆ. ಬಿಲದ ಸೀಗಡಿ ಹೊಟ್ಟೆಯಡಿಯ ಕಾಲು ಬೀಸಿ ನೀರು ಹರಿಸುತ್ತದೆ. ನೀರಿನ ಜೊತೆ ಆಮ್ಲಜನಕವೂ ಆಳಕ್ಕೆ ಹೋಗುತ್ತದೆ. ಬಿಲದ ಸುತ್ತ ನೆಲೆಸಿದ ಬ್ಯಾಕ್ಟೀರಿಯಾಗಳು ಕೊಳೆತದ್ದನ್ನು ಅರಗಿಸುತ್ತವೆ, ಹೆಚ್ಚುವರಿ ಸಾರಜನಕವನ್ನು ಅನಿಲವಾಗಿಸಿ ಹೊರಬಿಡುತ್ತವೆ. ಎರೆಭೂಮಿಗೆ ರಂಟೆ ಹೊಡೆದಂತೆ ಕೆಳಗಿನದು ಮೇಲೆ, ಮೇಲಿನದು ಕೆಳಗೆ. ಹೂಳು ಸುರಿದೋ ಕೊಳಚೆ ಬಿಟ್ಟೋ ಈ ಜೀವಗಳನ್ನು ಕೊಂದರೆ ಕಪ್ಪು ಮೇಲಕ್ಕೇರುತ್ತದೆ. ಈ ಕೆಸರನ್ನೇ ನಂಬಿದ ಚಿಪ್ಪಿ, ಮೀನು, ಹಕ್ಕಿಗಳೂ ಸೊರಗುತ್ತವೆ. ಕರಾವಳಿಯ ಯಾವ ಯೋಜನೆಯಾದರೂ ಮೊದಲು ಬಿಲಗಳನ್ನು ಎಣಿಸಲಿ ಎಂಬುದು ನನ್ನ ಒತ್ತಾಯ.

ನವಿಲುತೀರ್ಥಕ್ಕೆ ಹೋಗುವವರು ಇಳಿಬಿಸಿಲಿಗೇ ಹೋಗಿ. ನಡುಮಧ್ಯಾಹ್ನ ಏಣುಗಳ ನೆರಳು ಬೀಳದೆ ಬಂಡೆ ಬರೀ ಸಪಾಟಾಗಿ ಕಾಣುತ್ತದೆ.