ಕೆಂಪು ಗೆರೆ ದಾಟಿದ್ದು ಏಕೆ?

"ಕಲಾವಿದನ ಕೈ ನಡುಗಿದೆ ನೋಡಿ, ಕೆಂಪು ಬಣ್ಣ ಗೆರೆ ದಾಟಿದೆ." ಜಪಾನಿನ ಕಲಾವಿದ ಯೋಶು ಚಿಕನೋಬು ರಚಿಸಿದ, ಮರದ ಹಲಗೆಗಳಿಂದ ಅಚ್ಚೊತ್ತಿದ ಸರ್ಕಸ್ ಚಿತ್ರದ ಒಂದು ಪ್ರತಿ ನೋಡುತ್ತಾ ಒಬ್ಬರು ಈ ವಾರ ಆಡಿದ ಮಾತಿದು. ತಿಳಿದವರೆನಿಸಿಕೊಂಡವರೇ ಹೀಗಂದರೆ!

1886ರಲ್ಲಿ ಇಟಲಿಯ ಕಿಯಾರಿನಿ ತನ್ನ ಸರ್ಕಸ್ಸನ್ನು ಟೋಕಿಯೊಗೆ ತಂದ. ಮೇಜಿ ಚಕ್ರವರ್ತಿಯೂ ಆಟ ನೋಡಿದ. ಡೇರೆ ಕೀಳುವುದರೊಳಗೆ ಆ ಆಟದ ಚಿತ್ರ ಮಾರಾಟವಾಗಬೇಕು, ಪ್ರಕಾಶಕನಿಗೆ ಆ ಅವಸರ.

ಚಿತ್ರದ ಕುದುರೆ ಸವಾರನ ಬಟ್ಟೆಯ ಆ ಕೆಂಪನ್ನು ಚಿಕನೋಬು ಹಚ್ಚಿಯೇ ಇಲ್ಲ. ಅವನು ತೆಳು ಕಾಗದದ ಮೇಲೆ ಗೆರೆ ಬರೆದುಕೊಟ್ಟ, ಎಲ್ಲಿ ಯಾವ ಬಣ್ಣ ಎಂದು ಗುರುತಿಸಿದ, ಅಷ್ಟೆ. ಕೆತ್ತನೆಗಾರ ಆ ಕಾಗದವನ್ನು ಚೆರಿ ಮರದ ಹಲಗೆಗೆ ಮಗುಚಿ ಅಂಟಿಸಿ ಕೆತ್ತುವಾಗ ಮೂಲ ಚಿತ್ರವೇ ನಾಶವಾಗುತ್ತದೆ. ಗೆರೆಗೊಂದು ಹಲಗೆ, ಬಣ್ಣಬಣ್ಣಕ್ಕೂ ಬೇರೆ ಕೆತ್ತನೆ. ಮೂರು ಹಾಳೆಯ ಚಿತ್ರವೆಂದರೆ ಇಷ್ಟೂ ಕೆಲಸ ಮೂರು ಪಟ್ಟು. ಒಂದೊಂದು ಹಾಳೆ ಸುಮಾರು 37 ಸೆಂ.ಮೀ. ಉದ್ದ, 25 ಅಗಲ.

ಎಲ್ಲ ಹಲಗೆಗಳಲ್ಲೂ ಒಂದೇ ಜಾಗದಲ್ಲಿ ಎರಡು ಕಚ್ಚು ಇರುತ್ತವೆ: ಮೂಲೆಯಲ್ಲೊಂದು, ಅದೇ ಅಂಚಿನಲ್ಲಿ ಸ್ವಲ್ಪ ದೂರಕ್ಕೆ ಇನ್ನೊಂದು. ಇವೇ ಕೆಂತೊ, ಕಾಗದ ಪ್ರತಿಸಲವೂ ಒಂದೇ ಜಾಗದಲ್ಲಿ ಕೂರಲು ಮಾಡಿದ ಗುರುತು. ಬಣ್ಣ ಬಳಿದ ಹಲಗೆಯ ಮೇಲೆ ಮುದ್ರಕ ತೇವದ ಕಾಗದವನ್ನು ಅವುಗಳಿಗೆ ತಾಗಿಸಿ ಇಟ್ಟು, ಬಿದಿರಿನ ಹಾಳೆ ಸುತ್ತಿದ ಬಾರೆನ್ ಎಂಬ ಉಜ್ಜುಬಿಲ್ಲೆಯಿಂದ ಕಾಗದದ ಬೆನ್ನು ಉಜ್ಜಿದರೆ ಬಣ್ಣ ಕಾಗದಕ್ಕೆ ಏರುತ್ತದೆ. ಒಂದು ಬಣ್ಣಕ್ಕೂ ಇನ್ನೊಂದಕ್ಕೂ ನಡುವೆ ಕಾಗದ ಒಣಗಿದರೆ ಕುಗ್ಗುತ್ತದೆ. ಮುಂದಿನ ಬಣ್ಣ ಜಾಗ ತಪ್ಪುತ್ತದೆ.

ಕೆಂಪು ಬಣ್ಣ ಹಾಳೆಯಿಡೀ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಸರಿದಿದ್ದರೆ ಕಚ್ಚಿನ ದೋಷ. ಅದನ್ನು ಉಳಿಯಲ್ಲಿ ಚೂರು ಕೆತ್ತಿ, ಇಲ್ಲವೇ ಮರದ ಸಿಬಿರು ಅಂಟಿಸಿ ಸರಿಪಡಿಸಬಹುದು. ಕಚ್ಚಿನ ಹತ್ತಿರ ಸರಿಯಾಗಿದ್ದು, ದೂರ ಹೋದಂತೆ ಹೆಚ್ಚು ತಪ್ಪಿದ್ದರೆ ಕಾಗದ ಕುಗ್ಗಿದೆ ಎಂದರ್ಥ. ಈ ಪ್ರತಿಯಲ್ಲಿರುವುದು ಎರಡನೆಯದು. ಒದ್ದೆ ಹಾಳೆಗಳ ಕಟ್ಟನ್ನು ಮುಚ್ಚಿಟ್ಟು ತೇವ ಕಾಯುವಷ್ಟು ಬಿಡುವು ಮುದ್ರಕನಿಗೆ ಇರಲಿಲ್ಲವೇನೋ.

ತಪ್ಪು ಹೊರಿಸುವುದಕ್ಕೆ ಮಾತ್ರವಲ್ಲ, ಹೊಗಳುವುದಕ್ಕೂ ನಮಗೆ ಒಂದೇ ಹೆಸರು ಸಾಕಾಗಿದೆ. ಕುದುರೆಯ ಕೇಸರದ ಕೂದಲೆಳೆಗಳನ್ನು ಕೆತ್ತಿದವನ ಹೆಸರನ್ನು ಕೇಳಿದವರು ಯಾರು?

ಅಂದಹಾಗೆ, ಮೇಜಿ ಕಾಲದ ಇಂಥ ಕೆಂಪಿಗೆ ನೀರು ಆಗದು. ಧೂಳು ಕಂಡಿತೆಂದು ಒದ್ದೆ ಬಟ್ಟೆ ಮುಟ್ಟಿಸಿದರೆ ಹರಡುತ್ತದೆ. ಮೆತ್ತನೆಯ ಒಣ ಕುಂಚದಿಂದ ಕೊಡವಿದರೆ ಸಾಕು.