ಒಂದೇ ಸೂಜಿಯ ಲೆಕ್ಕ

ಜೂನ್ 9, 2025, ಸೋಮವಾರ
ಸಿಂಧನೂರು

"ಡಾಕ್ಟ್ರೇ, ಆ ಟುಲಾಥ್ರೋಮೈಸಿನ್ ಒಂದ ಸೂಜಿಗೆ ಕೆಲ್ಸ ಮುಗಸ್ತದಂತಲ್ರೀ. ಐದು ಎಂ.ಎಲ್. ಹಾಕಿಬಿಡ್ಲೇನು?"

ಕ್ಯಾಂಪಿನ ಮಾವನ ಫೋನು. ಸಂತೆಯಿಂದ ತಂದ ಹೋರಿ ಮೂರನೇ ದಿನಕ್ಕೆ ಕೆಮ್ಮುತ್ತಿದೆ, ಮೂಗಲ್ಲಿ ಸಿಂಬಳ, ಮೇವಿಗೆ ಬಾಯಿ ಹಾಕುತ್ತಿಲ್ಲ. ಟುಲಾಥ್ರೋಮೈಸಿನ್ ಅಂದರೆ ನ್ಯುಮೋನಿಯಾಕ್ಕೆ ಹಾಕುವ ಆ್ಯಂಟಿಬಯಾಟಿಕ್. ಅದರ ಹೆಸರು ಅವರಿಗೆ ಬಾಯಿಪಾಠ, ಹೋರಿಯ ತೂಕ ಮಾತ್ರ ಗೊತ್ತಿಲ್ಲ. ಐದು ಎಂ.ಎಲ್. ಯಾಕೆ ಅಂದರೆ ಪಕ್ಕದ ಮನೆಯ ಆಕಳಿಗೂ ಅಷ್ಟೇ ಹಾಕಿದ್ದರಂತೆ.

ಈ ಔಷಧಿಯ ಡೋಸು ತೂಕದ ಮೇಲೆ ನಿಂತಿದೆ: ಕಿಲೋಗೆ 2.5 ಮಿಲಿಗ್ರಾಂ. ಎಂ.ಎಲ್.ಗೆ 100 ಮಿಲಿಗ್ರಾಂ ಇರುವ ಸೀಸೆಯಾದರೆ 40 ಕಿಲೋಗೆ ಒಂದು ಎಂ.ಎಲ್. ಕಣ್ಣಳತೆಯಲ್ಲಿ ಹೋರಿ ಇನ್ನೂರು ಕಿಲೋ ಇದ್ದೀತು ಅಂದರು. ದರ್ಜಿ ಟೇಪು ತರಿಸಿದೆ. ಸಮನೆಲದ ಮೇಲೆ ನಿಲ್ಲಿಸಿ, ಕತ್ತು ನೆಟ್ಟಗಿಟ್ಟು, ಮುಂಗಾಲಿನ ಹಿಂದೆ ಎದೆಯ ಸುತ್ತಳತೆ: 60 ಇಂಚು. ಭುಜದ ಮುಂದಿನ ಮೂಳೆಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ: 52 ಇಂಚು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಕಿಲೋದಲ್ಲಿ ಸಿಗುತ್ತದೆ. 284 ಕಿಲೋ ಬಂತು. ಅಂದರೆ ಏಳು ಎಂ.ಎಲ್.ಗೆ ಚೂರು ಹೆಚ್ಚು. ಐದು ಹಾಕಿದ್ದರೆ ಕಿಲೋಗೆ 1.8 ಮಿಲಿಗ್ರಾಂ ಕೂಡ ಸಿಗುತ್ತಿರಲಿಲ್ಲ. ಸುತ್ತಳತೆಯಲ್ಲಿ ಒಂದು ಇಂಚು ತಪ್ಪಿದರೂ ಹತ್ತು ಕಿಲೋ ಆಚೀಚೆ ಆಗುತ್ತದೆ, ಹಾಗಾಗಿ ಎರಡು ಸಲ ಅಳೆಯಿರಿ ಅಂದೆ.

ದಿನಾ ಕೊಡುವ ಔಷಧಿಯಲ್ಲಿ ಇವತ್ತು ಕಡಿಮೆಯಾದರೆ ನಾಳೆ ಸರಿಮಾಡಬಹುದು. ಇದರಲ್ಲಿ ನಾಳೆ ಅನ್ನುವುದಿಲ್ಲ. ಚರ್ಮದಡಿ ಹೋದ ಅರ್ಧ ಗಂಟೆಯಲ್ಲೇ ರಕ್ತದಲ್ಲಿ ಏರಿ, ಆಮೇಲೆ ಶ್ವಾಸಕೋಶದಲ್ಲಿ ತಳವೂರುತ್ತದೆ; ರಕ್ತದಲ್ಲಿರುವುದಕ್ಕಿಂತ ಅಲ್ಲಿ ಎಷ್ಟೋ ಪಟ್ಟು ಹೆಚ್ಚು. ಸೋಂಕಿನ ಜಾಗಕ್ಕೆ ಓಡುವ ಬಿಳಿ ರಕ್ತಕಣಗಳೊಳಗೂ ಅದು ಸೇರಿಕೊಂಡಿರುತ್ತದೆ. ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 90 ಗಂಟೆ. ಮ್ಯಾನ್‌ಹೈಮಿಯಾ, ಪಾಶ್ಚುರೆಲ್ಲಾ, ಹಿಸ್ಟೋಫಿಲಸ್, ಮೈಕೋಪ್ಲಾಸ್ಮಾ ಎಂಬ ನ್ಯುಮೋನಿಯಾದ ಬ್ಯಾಕ್ಟೀರಿಯಾಗಳ ಮೇಲೆ ಒಂದೇ ಸೂಜಿ ದಿನಗಟ್ಟಲೆ ಕೆಲಸ ಮಾಡುವುದು ಇದರಿಂದಲೇ. ಕಡಿಮೆ ಕೊಟ್ಟರೆ ಅದೇ ದಿನಗಟ್ಟಲೆ ಬ್ಯಾಕ್ಟೀರಿಯಾ ಅರೆಬರೆ ಔಷಧಿಯ ನಡುವೆ ಬದುಕಿ, ಅದನ್ನು ತಡೆದುಕೊಳ್ಳುವಂಥವೇ ಉಳಿಯುತ್ತವೆ.

ಮೊದಲು ಅದು ನ್ಯುಮೋನಿಯಾ ಹೌದೋ ಅಲ್ಲವೋ ನೋಡಬೇಕಲ್ಲ. ನಮ್ಮ ಈ ಸೀಮೆಯಲ್ಲಿ ಮಧ್ಯಾಹ್ನ ಎರಡಕ್ಕೆ ತಗಡಿನ ಕೆಳಗೆ ಕಟ್ಟಿದ ಎಮ್ಮೆಯ ಉಸಿರು ಎಣಿಸಿದರೆ ಯಾವುದಕ್ಕೆ ನ್ಯುಮೋನಿಯಾ ಇಲ್ಲ ಹೇಳಿ! ಬಾಯಿ ತೆರೆದು ತೇಕುತ್ತದೆ, ಜೊಲ್ಲು ಸುರಿಸುತ್ತದೆ, ಥರ್ಮಾಮೀಟರ್ ಇಟ್ಟರೆ 104 ತೋರಿಸಲೂಬಹುದು. ನೆರಳಿಗೆ ಕಟ್ಟಿ, ಮೈಮೇಲೆ ನೀರು ಹೊಯ್ದು, ಒಂದು ತಾಸು ಬಿಟ್ಟು ನೋಡಿದರೆ ಬಿಸಿಲಿನ ತೇಕು ಇಳಿದಿರುತ್ತದೆ. ಶ್ವಾಸಕೋಶದ ಕಾಯಿಲೆ ಇಳಿಯುವುದಿಲ್ಲ. ಜ್ವರ ನೋಡುವುದಾದರೆ ಬೆಳಗ್ಗೆ ಆರರೊಳಗೆ ನೋಡಿ. ಆ ಹೊತ್ತಲ್ಲೂ 104 ದಾಟಿ, ಮಲಗಿದಲ್ಲೇ ಉಸಿರು ನಿಮಿಷಕ್ಕೆ ನಲವತ್ತು ಮೀರಿ, ಕಿವಿ ಜೋತುಬಿದ್ದು, ಮೆಲುಕು ನಿಂತಿದ್ದರೆ ಆಗ ಮಾತಾಡೋಣ. ಉಸಿರನ್ನು ಪಕ್ಕೆ ನೋಡಿ ಇಡೀ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪೂ ನಾಲ್ಕು ಪಟ್ಟು.

ಗಂಟಲು ಬಾತು, ನಾಲಿಗೆ ಹೊರಬಂದು, ಗೊರಗೊರ ಶಬ್ದವಿದ್ದರೆ ಅದು ಗಳಲೆ ರೋಗ. ಅಲ್ಲಿ ಲೆಕ್ಕ ದಿನದ್ದಲ್ಲ, ಗಂಟೆಯದು. ಟೇಪು ಹುಡುಕುತ್ತಾ ಕೂರದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಮಳೆಗೆ ಮುಂಚೆ ಹಾಕಿಸಬೇಕಾದ ಲಸಿಕೆ ಈ ಸಲವೂ ಅರ್ಧ ಊರು ಹಾಕಿಸಿಲ್ಲ.

ಇನ್ನೊಂದು, ಗೊಟ್ಟ, ಅಂದರೆ ದನದ ಬಾಯಿಗೆ ಔಷಧಿ ಹೊಯ್ಯುವ ಕೊಳವೆ. "ಕಷಾಯ ಏನರ ಕುಡ್ಸೀರಾ?" ಅಂದೆ. "ಸಂತಿಯಿಂದ ಬಂದ ದಿವ್ಸ ಒಳ್ಳೆಣ್ಣಿ ಕುಡ್ಸೀವ್ರೀ." ತಲೆ ಮುಗಿಲಿಗೆತ್ತಿ, ನಾಲಿಗೆ ಹೊರಗೆಳೆದು ಹಿಡಿದು ಎಣ್ಣೆ ಹೊಯ್ದರೆ ದನಕ್ಕೆ ನುಂಗಲಾಗದು, ಎಣ್ಣೆ ಸೀದಾ ಶ್ವಾಸನಾಳಕ್ಕೆ ಇಳಿಯುತ್ತದೆ. ಆ ನ್ಯುಮೋನಿಯಾಕ್ಕೆ ಎಂಥ ದುಬಾರಿ ಆ್ಯಂಟಿಬಯಾಟಿಕ್ ಕೊಟ್ಟರೂ ಅರ್ಧಕ್ಕರ್ಧ ಆಸೆ ಬಿಟ್ಟೇ ಕೊಡಬೇಕು, ಎಣ್ಣೆಯನ್ನು ಯಾವ ಸೂಜಿಯೂ ಹೊರತೆಗೆಯುವುದಿಲ್ಲ. ಕುಡಿಸುವಾಗ ಕೆಮ್ಮಿತ್ತೇ ಅಂತ ಕೇಳಿದೆ. ಇಲ್ಲವಂತೆ. ನಂಬಿದೆ.

ಸೂಜಿ ಹಾಕುವ ಜಾಗ ದನಕ್ಕೆ ಕುತ್ತಿಗೆ, ಅದೂ ಚರ್ಮದ ಅಡಿಗೆ. ತೊಡೆಯ ಖಂಡಕ್ಕಲ್ಲ. ಭುಜದ ಮುಂದೆ ಚರ್ಮವನ್ನು ಚಿಮುಟಿ ಎತ್ತಿದರೆ ಡೇರೆಯ ಹಾಗೆ ನಿಲ್ಲುತ್ತದೆ, ಅದರ ಬುಡಕ್ಕೆ ಸೂಜಿ. ಆಚೆ ಬದಿಯಿಂದ ಹೊರಬಂದು ಔಷಧಿ ಕೂದಲ ಮೇಲೆ ಹರಿಯುವುದುಂಟು, ಬೆರಳಿಗೆ ಒದ್ದೆ ತಾಗಿದರೆ ಡೋಸು ಹೋಯಿತು ಅಂತಲೇ ಲೆಕ್ಕ. ಯುರೋಪಿನ ಲೇಬಲ್ ಪ್ರಕಾರ ಒಂದು ಜಾಗಕ್ಕೆ 7.5 ಎಂ.ಎಲ್. ಮೀರುವಂತಿಲ್ಲ, ದೊಡ್ಡ ಎತ್ತಾದರೆ ಎರಡು ಕಡೆ ಹಂಚಬೇಕು. ಹಾಕಿದ ಜಾಗ ಬಾಯುತ್ತದೆ, ಆ ಬಾವು ತಿಂಗಳವರೆಗೂ ಉಳಿಯಬಹುದು. ಅದಕ್ಕೆ ಬರೆ ಎಳೆಯುವ ಮಹಾನುಭಾವರು ನಮ್ಮಲ್ಲಿ ಇನ್ನೂ ಇದ್ದಾರೆ. ಬಿಡಿ, ತಾನಾಗಿ ಇಳಿಯುತ್ತದೆ.

ಜ್ವರ, ನೋವಿಗೆ ಜೊತೆಯಲ್ಲಿ ಮೆಲಾಕ್ಸಿಕ್ಯಾಂ, ಕಿಲೋಗೆ 0.5 ಮಿಲಿಗ್ರಾಂ. ಡೈಕ್ಲೋಫೆನಾಕ್ ದನಕ್ಕೆ 2006ರಿಂದಲೇ ನಿಷಿದ್ಧ, 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ಹೋದವು, ಇವು ಉಳಿದಿರುವ ಸತ್ತ ದನ ತಿಂದು ರಣಹದ್ದುಗಳು ಸಾಯುತ್ತವೆ ಅಂತ. ಆದರೂ ಮನುಷ್ಯರ ಸೀಸೆ ತಂದು ಹಾಕುವವರು ಇದ್ದಾರೆ.

ಫಲ ನೋಡಬೇಕಾದ್ದು 48 ಗಂಟೆಯೊಳಗೆ. ಜ್ವರ ಇಳಿದು, ಗೋದಲಿಯ ಮೇವಿಗೆ ಬಾಯಿ ಹಾಕಿದರೆ ಸರಿಹೋಗುತ್ತಿದೆ ಎಂದರ್ಥ. ಕೆಮ್ಮು ಇನ್ನೂ ಕೆಲ ದಿನ ಇದ್ದೇ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಇಳಿಯದಿದ್ದರೆ ಇದನ್ನೇ ಇನ್ನೊಮ್ಮೆ ಹಾಕದೆ ಬೇರೆ ಗುಂಪಿನ ಔಷಧಿಗೆ ಹೋಗಬೇಕು. ಎಡವಟ್ಟಾಗುವುದು ಇಲ್ಲೇ. ಮರುದಿನ ಇನ್ಯಾರನ್ನೋ ಕರೆಸುತ್ತಾರೆ, ಅವರು ಟೈಲೋಸಿನ್ ಹಾಕಿ ಹೋಗುತ್ತಾರೆ. ಅದೂ ಇದೇ ಮನೆತನದ್ದು, ಬ್ಯಾಕ್ಟೀರಿಯಾದಲ್ಲಿ ಕೂರುವ ಜಾಗವೂ ಅದೇ. ಇಬ್ಬರೂ ಒಂದೇ ಕುರ್ಚಿಗೆ ಜಗಳ ಆಡಿದಂತೆ. ಅದಕ್ಕೇ ಹಾಕಿದ ಔಷಧಿಯ ಹೆಸರು, ದಿನ, ಎಷ್ಟು ಎಂ.ಎಲ್. ಅಂತ ಕೊಟ್ಟಿಗೆಯ ಗೋಡೆ ಮೇಲೆ ಇದ್ದಿಲಲ್ಲಾದರೂ ಬರೆದಿಡಿ.

ಇಷ್ಟಾದ ಮೇಲೆ ಪಕ್ಕದ ಮನೆಯ ಆಕಳು ನೆನಪಾಯಿತು. "ಅದು ಹಾಲು ಕೊಡಾಕತ್ತಿತ್ತೇನು ಮಾವ?" "ಹೂಂನ್ರೀ, ಹೊತ್ತಿಗೆ ನಾಕು ಲೀಟರ್. ಡೇರಿಗೆ ಹಾಕ್ತಾರ."

ಸುಮ್ಮನಾಗಬೇಕಾಯಿತು. ಮನುಷ್ಯರು ಕುಡಿಯುವ ಹಾಲು ಕೊಡುವ ಆಕಳು, ಎಮ್ಮೆಗೆ ಈ ಔಷಧಿ ಕೊಡುವಂತೆಯೇ ಇಲ್ಲ. ಗಬ್ಬದ ದನಕ್ಕೆ ಕರು ಹಾಕಲು ಎರಡು ತಿಂಗಳ ಒಳಗಿದ್ದರೂ ಇಲ್ಲ. ಇಷ್ಟು ದಿನ ಹಾಲು ಚೆಲ್ಲಿ ಆಮೇಲೆ ಹಾಕಿ ಅನ್ನುವ ಗಡುವನ್ನೇ ಲೇಬಲ್ ಕೊಟ್ಟಿಲ್ಲ. ಶ್ವಾಸಕೋಶದಲ್ಲಿ ತಳವೂರಿ ಕೂರುವ ಗುಣವೇ ಹಾಲಿನ ವಿಷಯಕ್ಕೆ ಬಂದಾಗ ದೋಷ. ಕಾಯಿಸಿದರೆ ಹೋಗುತ್ತದೆ ಅನ್ನುವುದು ಸುಳ್ಳು. ಕುದಿಸಿದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಹಾಲಿನಿಂದ ಹೋಗುವುದಿಲ್ಲ. ಔಷಧಿ ಉಳಿದ ಹಾಲು ಎಷ್ಟೋ ಸಲ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಯಾಕೆಂದರೆ ಹೆಪ್ಪಿನಲ್ಲಿರುವುದೂ ಬ್ಯಾಕ್ಟೀರಿಯಾ ತಾನೆ. ಹಿಂಡುವ ಎಮ್ಮೆಗೆ ನ್ಯುಮೋನಿಯಾ ಬಂದರೆ ಆಯ್ಕೆ ಬೇರೆ: ಹಾಲಿನ ಗಡುವು ಬರೆದಿರುವ ಆಕ್ಸಿಟೆಟ್ರಾಸೈಕ್ಲಿನ್, ಇಲ್ಲವೇ ಸೆಫ್ಟಿಯೋಫರ್. ಎರಡನೆಯದಕ್ಕೆ ಹಲವು ದೇಶಗಳಲ್ಲಿ ಹಾಲು ಚೆಲ್ಲುವ ಗಡುವಿಲ್ಲ, ಆದರೆ ಅದು ಮನುಷ್ಯರ ಗಂಭೀರ ಸೋಂಕಿಗೆ ಬೇಕಾಗುವ ಗುಂಪಿನದು, ನೆಗಡಿ ಕೆಮ್ಮಿಗೆಲ್ಲ ತೆಗೆಯಬಾರದು. ಫ್ಲಾರ್ಫೆನಿಕಾಲ್ ಕೂಡ ಹಾಲಿನ ದನಕ್ಕೆ ಬೇಡ.

ಆ ಮನೆಯವರಿಗೆ ಯಾರು ಹೇಳಬೇಕು? ಮಾವ ಹೇಳುವುದಿಲ್ಲ, ಬದುವಿನ ಜಗಳ ಇದೆ.

ಸೀಸೆ ಇಡುವ ಮಾತು ಬರಲೇ ಇಲ್ಲ, ಇಲ್ಲೇ ಬರೆದುಬಿಡುತ್ತೇನೆ. ಅನೇಕ ಲೇಬಲ್‌ಗಳ ಮೇಲೆ 25 ಡಿಗ್ರಿಯೊಳಗೆ ಅಂತಿರುತ್ತದೆ, ನಮ್ಮ ಮೇ ತಿಂಗಳ ಪತ್ರಾಸಿನ ಮನೆಯಲ್ಲಿ ಅದರ ಹತ್ತಿರವೂ ಇರದು. ಫ್ರಿಜ್ಜಿನ ಬಾಗಿಲಲ್ಲಿಡಿ, ಐಸಿನ ಖಾನೆಯಲ್ಲಲ್ಲ. ಒಮ್ಮೆ ಚುಚ್ಚಿದ ಸೀಸೆ 28 ದಿನದ ಮೇಲೆ ಬೇಡ. ಕಣ್ಣಿಗೆ ಸಿಡಿದರೆ ತಕ್ಷಣ ನೀರಲ್ಲಿ ತೊಳೆಯಿರಿ, ಉರಿ ಜೋರು.

ಸಂಜೆ ತುರ್ವಿಹಾಳ ಕಡೆಯ ಹಂದಿ ಫಾರಂ ಹುಡುಗನ ಫೋನು. ನಲವತ್ತು ಹಂದಿಗಳಲ್ಲಿ ಆರು ಕೆಮ್ಮುತ್ತಿವೆ. ಅಂಗಡಿಯವರು ಟಿಲ್ಮಿಕೋಸಿನ್ ಸೂಜಿಮದ್ದು ಕೊಡಲು ಹೊರಟಿದ್ದರಂತೆ, "ಎರಡೂ ಒಂದ" ಅಂತ. ಒಂದಲ್ಲ! ಟಿಲ್ಮಿಕೋಸಿನ್ ಇಂಜೆಕ್ಷನ್ ಹಂದಿಯನ್ನು ಕೊಂದೇಬಿಡುತ್ತದೆ, ಹೃದಯಕ್ಕೆ ಹೊಡೆಯುತ್ತದೆ. ಕೈತಪ್ಪಿ ಮನುಷ್ಯರಿಗೆ ಚುಚ್ಚಿದರೂ ಪ್ರಾಣಾಪಾಯ, ಅದಕ್ಕೆ ಪ್ರತಿಮದ್ದಿಲ್ಲ. ಹಂದಿಗೆ ಟುಲಾಥ್ರೋಮೈಸಿನ್ ಆಗುತ್ತದೆ: ಡೋಸು ಅದೇ, 40 ಕಿಲೋಗೆ ಒಂದು ಎಂ.ಎಲ್., ಆದರೆ ಕಿವಿಯ ಹಿಂದೆ ಕುತ್ತಿಗೆಯ ಖಂಡಕ್ಕೆ, ಒಂದು ಜಾಗಕ್ಕೆ ಎರಡು ಎಂ.ಎಲ್. ಮೀರದಂತೆ. ಹತ್ತು ಕಿಲೋ ಮರಿಗೆ ಕಾಲು ಎಂ.ಎಲ್., ಅದನ್ನು ಹತ್ತು ಎಂ.ಎಲ್. ಸಿರಿಂಜಿನಲ್ಲಿ ಅಳೆಯಲಾಗದು, ಒಂದು ಎಂ.ಎಲ್. ಸಿರಿಂಜೇ ಬೇಕು. ಮಾಂಸಕ್ಕೆ ಕಡಿಯುವ ಮುಂಚಿನ ಗಡುವು ಯುರೋಪಿನ ಲೇಬಲ್ಲಿನಲ್ಲಿ 13 ದಿನ, ಅಮೆರಿಕದ್ದರಲ್ಲಿ 5. ಕೈಲಿರುವ ಸೀಸೆಯ ಮೇಲೆ ಏನಿದೆಯೋ ಅದನ್ನೇ ಹಿಡಿಯಬೇಕು.

"ಎಲ್ಲಾಕೂ ಹಾಕ್ಲೇನ್ರಿ ಸರ, ಆರಕ್ಕ ಅಷ್ಟs ಹಾಕ್ಲೇನ್ರಿ?"

ಅದಕ್ಕೆ ಫೋನಿನಲ್ಲಿ ಉತ್ತರವಿಲ್ಲ. ಹಂದಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಉಸಿರೆಳಿ, ಕಣ್ಣು ಉರಿದರೆ ಗಂಜಲದಿಂದೇಳುವ ಅಮೋನಿಯಾ ಗಾಳಿ, ಮಳೆಗೆಂದು ಕಟ್ಟಿದ ತಾಡಪಲ್ ಮೇಲಿಂದ ಒಂದಡಿ ಇಳಿಸು ಅಂದೆ. ನಿನ್ನೆ ಒಂದು ಸತ್ತಿದೆಯಂತೆ. ಎದೆ ಸೀಳಿ ನೋಡಿದ್ದರೆ ಗೊತ್ತಾಗುತ್ತಿತ್ತು: ಶ್ವಾಸಕೋಶದ ಹಿಂಭಾಗ, ಮೇಲ್ಗಡೆ ಕಪ್ಪುಗೆಂಪು ಗಟ್ಟಿ ತೇಪೆಯಿದ್ದು ಪೊರೆ ಅಂಟಿಕೊಂಡಿದ್ದರೆ ಆ್ಯಕ್ಟಿನೋಬ್ಯಾಸಿಲಸ್, ಆ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲಿ ಇನ್ನೂ ಕೆಲವನ್ನು ಕೆಡವಬಹುದು, ಜೊತೆಗಿರುವುದಕ್ಕೆಲ್ಲ ಹಾಕುವುದು ನ್ಯಾಯ. ಮುಂಭಾಗದ ಕೆಳತುದಿಗಳು ಬೂದುನೇರಳೆಯಾಗಿ ಗಟ್ಟಿಯಾಗಿದ್ದರೆ ಮೈಕೋಪ್ಲಾಸ್ಮಾ, ಅದು ನಿಧಾನದ್ದು, ಆಗ ಮೊದಲು ಗಾಳಿ, ಆಮೇಲೆ ಸೂಜಿ. ಆದರೆ ಸತ್ತದ್ದನ್ನು ಕಾಲುವೆ ದಂಡೆಗೆ ಎಸೆದು ಬಂದಿದ್ದಾನೆ. ಇನ್ನೊಂದು ಸತ್ತರೆ ನೆರಳಿಗಿಟ್ಟು ಕೂಡಲೇ ಫೋನ್ ಮಾಡು ಅಂದಿದ್ದೇನೆ. ಈ ಬಿಸಿಲಿಗೆ ನಾಲ್ಕು ತಾಸು ಕಳೆದರೆ ಆ ಬಣ್ಣಗಳೂ ಗುರುತು ಸಿಗುವುದು ಕಷ್ಟ.