ಒಳಗೆ ಕೂತ ಗಾಳಿ

ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಇವತ್ತು ನೀರಿನ ಫಿಲ್ಟರ್‌ಗೆ ಡಿಪಿ ಟ್ರಾನ್ಸ್‌ಮಿಟರ್ ಕೂರಿಸಿದೆವು. ಫಿಲ್ಟರಿನ ಆಚೆ ಈಚೆ ಇರುವ ಒತ್ತಡದ ವ್ಯತ್ಯಾಸ ಅಳೆಯುತ್ತದೆ. ಜಾಸ್ತಿಯಾದರೆ ಫಿಲ್ಟರ್ ಕಟ್ಟಿಕೊಂಡಿದೆ ಅಂತ.

ಪಂಪ್ ನಿಲ್ಲಿಸಿದರೂ ರೀಡಿಂಗ್ ಸೊನ್ನೆಗೆ ಇಳಿಯಲಿಲ್ಲ. ಜೊತೆಗಿದ್ದ ಹುಡುಗ, "ಅಣ್ಣ, ಈಗಿರೋ ರೀಡಿಂಗನ್ನೇ ಝೀರೋ ಅಂತ ಸೆಟ್ ಮಾಡಿಬಿಡೋಣ್ವಾ?" ಅಂದ. ಬೇಡಪ್ಪ ಅಂದೆ. ಲೋ ಸೈಡಿನ, ಅಂದರೆ ಒತ್ತಡ ಕಡಿಮೆ ಇರುವ ಬದಿಯ, ಗಾಳಿ ಬಿಡುವ ವೆಂಟ್ ಸ್ಕ್ರೂ ಸ್ವಲ್ಪ ಸಡಿಲಿಸಿದೆ. ಪುಸ್ ಪುಸ್ ಅಂತ ಗಾಳಿ, ಆಮೇಲೆ ನೊರೆನೊರೆ ನೀರು, ಕೊನೆಗೆ ನೂಲಿನಂಥ ಧಾರೆ. ರೀಡಿಂಗ್ 4.00 ಮಿಲಿಆಂಪ್‌ಗೆ, ಅಂದರೆ ಸೊನ್ನೆಗೆ, ಬಂದು ನಿಂತಿತು. ಟ್ರಾನ್ಸ್‌ಮಿಟರಿಗೆ ಒತ್ತಡ ತರುವ ಟ್ಯೂಬಿನಲ್ಲಿ 10 ಸೆಂ.ಮೀ. ಎತ್ತರ ನೀರಿನ ಬದಲು ಗಾಳಿ ಇದ್ದರೂ ಸಾಕು, ಸುಮಾರು 1 ಕಿಲೋಪಾಸ್ಕಲ್ ತಪ್ಪು. ಝೀರೋ ಮಾಡಿದ್ದರೆ ಗಾಳಿ ಒಳಗೇ ಕೂತಿರುತ್ತಿತ್ತು.

ಅಮ್ಮ "ಏನೂ ಇಲ್ಲ ಬಿಡು" ಅಂದಾಗ ನಾನೂ ಸುಮ್ನೆ ಆಗಿಬಿಡುತ್ತೇನೆ. ಇವತ್ತು ಪಕ್ಕದಲ್ಲಿ ಕೂತು ಕೇಳಬೇಕು.